ಪೂರೀಮ್ ಹಬ್ಬವೂ ಅರ್ಧವಾದ ಬಿಡುಗಡೆಯೂ



ಯೆಹೂದ್ಯರ ಬಿಡುಗಡೆಯ ಹಬ್ಬಗಳಲ್ಲಿ ಪಸ್ಕವು ನಮಗೆಲ್ಲರಿಗೂ ತಿಳಿದದ್ದು. ಅದರ ಕುರಿಮರಿ, ಹುಳಿಯಿಲ್ಲದ ರೊಟ್ಟಿ, ಕೆಂಪು ಸಮುದ್ರದ ದಾರಿ ಇವುಗಳ ಮೇಲೆ ಪ್ರಸಂಗ ಕೇಳದ ಸಭೆಯಿಲ್ಲ. ಪಸ್ಕಕ್ಕೆ ಒಂದು ತಿಂಗಳು ಮುಂಚೆ ಬರುವ ಪೂರೀಮ್ ಎಂಬ ಹಬ್ಬವಾದರೋ ನಮ್ಮಲ್ಲಿ ಮಾತಿಗೆ ಬರುವದು ಅಪರೂಪ. ಅದಕ್ಕೆ ಆಧಾರವಾದ ಎಸ್ತೇರಳ ಚರಿತ್ರೆಯನ್ನು ಭಾನುವಾರದ ಶಾಲೆಯ ಮಕ್ಕಳು ಕಥೆಯಾಗಿ ಕೇಳಿ ಸಂತೋಷಪಡುತ್ತಾರೆ. ದೊಡ್ಡವರಾದ ಮೇಲೆ ಆ ಪುಸ್ತಕವನ್ನು ತೆರೆಯುವವರು ಕೊಂಚವೇ. ಹಳೇ ಒಡಂಬಡಿಕೆಯಲ್ಲಿ ಹಿಂದೂಸ್ಥಾನದ ಹೆಸರು ಬರುವದು ಆ ಒಂದೇ ಪುಸ್ತಕದಲ್ಲಿ ಎಂಬದನ್ನು ಬಲ್ಲವರು ಇನ್ನೂ ಕಡಿಮೆ.

ಕಥೆಯನ್ನು ಚಿಕ್ಕದಾಗಿ ನೆನಪಿಗೆ ತಂದುಕೊಳ್ಳೋಣ. ಕ್ರಿ. ಪೂ. 486ರಿಂದ 465ರ ವರೆಗೆ ಆಳಿದ ಕ್ಸೆರ್ಕ್ಸೀಸನೆಂದು ಪಂಡಿತರು ಸಾಮಾನ್ಯವಾಗಿ ಎಣಿಸುವ ಅಹಷ್ವೇರೋಷನು ಪಾರಸಿಯ ದೇಶದ ಶೂಷನ್ ಕೋಟೆಯಲ್ಲಿ ಕೂತು 127 ಸಂಸ್ಥಾನಗಳನ್ನು ಆಳುತ್ತಿರಲಾಗಿ, ಅವನ ಮಂತ್ರಿಯಾದ ಹಾಮಾನನು, ಮೊರ್ದೆಕೈ ಎಂಬ ಯೆಹೂದ್ಯನು ತನಗೆ ಅಡ್ಡಬೀಳಲಿಲ್ಲವೆಂಬ ಒಂದೇ ಕಾರಣದಿಂದ ಅವನ ಜನಾಂಗವನ್ನೆಲ್ಲಾ ನಿರ್ಮೂಲಮಾಡಬೇಕೆಂದು ಹಂಚಿಕೆ ಹೂಡಿದನು. ಒಳ್ಳೇ ದಿನ ನೋಡುವದಕ್ಕಾಗಿ ಪೂರ್, ಅಂದರೆ ಚೀಟು, ಹಾಕಿಸಿದನು; ಹಬ್ಬಕ್ಕೆ ಹೆಸರು ಬಂದದ್ದು ಇದರಿಂದಲೇ. ಚೀಟು ಹನ್ನೆರಡನೆಯ ತಿಂಗಳಿಗೆ ಬಿತ್ತು. ಆದರೆ ಸಂಹಾರದ ಆಜ್ಞೆಯನ್ನು ಬರೆದದ್ದು ಮೊದಲನೆಯ ತಿಂಗಳಿನ 13ನೆಯ ದಿನದಲ್ಲಿ. ವಾಚಕರು ಈ ದಿನವನ್ನು ಗಮನಿಸಬೇಕು. ಪಸ್ಕದ ಕುರಿಮರಿಯನ್ನು ಕೊಯ್ಯುವದು ಅದರ ಮಾರನೆಯ ದಿನ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ಕೊಂಡಾಡಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಮರಣಶಾಸನವು ಊರೂರಿಗೆ ಹೊರಟಿತು. ಮೊರ್ದೆಕೈಯು ಗೋಣಿತಟ್ಟು ಕಟ್ಟಿಕೊಂಡು ಗೋಳಾಡಿದನು. ಅವನ ಸಾಕುಮಗಳಾಗಿದ್ದು ರಾಣಿಯಾಗಿದ್ದ ಎಸ್ತೇರಳು ಮೂರು ದಿನ ಉಪವಾಸಮಾಡಿ, ಕರೆಯದೆ ಬಂದವರಿಗೆ ಮರಣವೆಂಬ ಕಟ್ಟಳೆಯಿದ್ದರೂ ಅರಸನ ಮುಂದೆ ಹೋಗಿ ನಿಂತಳು. ಹಾಮಾನನು ತಾನು ನಿಲ್ಲಿಸಿದ್ದ 50 ಮೊಳದ ಗಲ್ಲುಮರಕ್ಕೆ ತಾನೇ ಏರಿದನು. ಇಷ್ಟನ್ನು ಮಕ್ಕಳೂ ಬಲ್ಲರು.

ಮಕ್ಕಳಿಗೆ ಹೇಳದೆ ಬಿಡುವ ಭಾಗವೇ ನಮ್ಮ ಈ ಲೇಖನದ ವಿಷಯ. ಪಸ್ಕದಲ್ಲಿ ಇಸ್ರಾಯೇಲ್ಯರು ಫರೋಹನ ದೇಶವನ್ನೇ ಬಿಟ್ಟು ಹೊರಟರು. ಪೂರೀಮಿನಲ್ಲಿ ಯಾರೂ ಎಲ್ಲಿಗೂ ಹೊರಡಲಿಲ್ಲ. ಹಾಮಾನನು ಸತ್ತರೂ ಅವನು ಬರೆಯಿಸಿದ ಆಜ್ಞೆ ಸಾಯಲಿಲ್ಲ, ಯಾಕಂದರೆ ರಾಜಮುದ್ರೆ ಬಿದ್ದ ಬರಹವನ್ನು ಅರಸನೂ ರದ್ದುಮಾಡಕೂಡದು. ಯೆಹೂದ್ಯರು ತಮ್ಮ ಪ್ರಾಣವನ್ನು ತಾವೇ ಕಾದುಕೊಳ್ಳಬಹುದೆಂಬ ಇನ್ನೊಂದು ಆಜ್ಞೆಯನ್ನು ಅದರ ಪಕ್ಕದಲ್ಲಿ ಬರೆಯಿಸಿದ್ದಷ್ಟೇ ದೊರೆತ ಉಪಾಯ. ಎಸ್ತೇರಳು ಅದೇ ಅರಮನೆಯಲ್ಲಿ ಅದೇ ಚಂಚಲಸ್ವಭಾವದ ಅರಸನ ಹೆಂಡತಿಯಾಗಿಯೇ ಉಳಿದಳು. ಕಡೇ ಅಧ್ಯಾಯದ ಮೊದಲನೆಯ ಸುದ್ದಿ ಏನೆಂದು ನೋಡಿದರೆ, ಅರಸನು ದೇಶದ ಮೇಲೆಯೂ ದ್ವೀಪಗಳ ಮೇಲೆಯೂ ತೆರಿಗೆ ಹಾಕಿದನೆಂಬದೇ!

ಹೀಗಿರಲಾಗಿ ಇದು ಬಿಡುಗಡೆಯೇ? ಇದಕ್ಕೆ ಸ್ತೋತ್ರ ಮಾಡಬಹುದೋ? ಈ ಪ್ರಶ್ನೆ ನಾವು ಹುಟ್ಟಿಸಿದ್ದಲ್ಲ. ಪಸ್ಕದಲ್ಲಿ ಯೆಹೂದ್ಯರು 113ನೆಯ ಕೀರ್ತನೆಯಿಂದ 118ನೆಯದರ ವರೆಗೆ ಹಾಡುವ ಪದ್ಧತಿಯುಂಟು. ಇದಕ್ಕೆ ಹಲ್ಲೇಲ್ ಎಂದು ಹೆಸರು. ಪೂರೀಮಿನಲ್ಲಿ ಅದನ್ನು ಹಾಡುವದಿಲ್ಲ. ಯಾಕೆಂದು ಅವರ ಪಂಡಿತರು ತಾಲ್ಮೂದ್ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಸುಮಾರು ಕ್ರಿ. ಶ. 4ನೆಯ ಶತಮಾನದಲ್ಲಿ ಬಾಬೆಲ್ ದೇಶದಲ್ಲಿದ್ದ ರಾವಾ ಎಂಬ ಬೋಧಕನು ಕೊಟ್ಟ ಉತ್ತರದ ತಾತ್ಪರ್ಯವೇನಂದರೆ, ಐಗುಪ್ತವನ್ನು ಬಿಟ್ಟವರು ಫರೋಹನ ದಾಸರಾಗಿರದೆ ಕರ್ತನ ದಾಸರಾಗಿ ಹಾಡಿದರು, ನಾವಾದರೋ ಇನ್ನೂ ಅಹಷ್ವೇರೋಷನ ದಾಸರೇ. ಅಹಷ್ವೇರೋಷನು ಸತ್ತು ಎಂಟು ನೂರು ವರುಷಗಳಾದ ಮೇಲೆ ಹೇಳಿದ ಮಾತಿದು! ಅದೇ ಚರ್ಚೆಯಲ್ಲಿ ನಹ್ಮಾನ್ ಎಂಬ ಮತ್ತೊಬ್ಬನು, ಎಸ್ತೇರಳ ಸುರುಳಿಯನ್ನು ಓದುವದೇ ಆ ದಿನದ ಸ್ತೋತ್ರವೆಂದು ಹೇಳಿದ್ದಾನೆ.

ಈ ಎರಡು ಉತ್ತರಗಳನ್ನು ಜೊತೆಯಾಗಿಟ್ಟು ನೋಡಿದರೆ ನಮಗೆ ಒಂದು ದೊಡ್ಡ ವಿಷಯವು ಕಾಣುತ್ತದೆ. ನಮ್ಮ ಸಾಕ್ಷಿಕೂಟಗಳಲ್ಲಿ ಏನಾಗುತ್ತದೆ? ರೋಗಿಯಾಗಿದ್ದವನು ಎದ್ದು ನಿಂತು ಪೂರಾ ಗುಣವಾಯಿತೆಂದು ಹೇಳುತ್ತಾನೆ. ರಾತ್ರಿಯ ಕೆಮ್ಮು ಇನ್ನೂ ಬಿಟ್ಟಿಲ್ಲವೆಂದು ನೆರೆಮನೆಯವರು ಬಲ್ಲರು. ಸಾಲವೆಲ್ಲಾ ತೀರಿತೆಂದು ಒಬ್ಬಳು ಹೇಳುತ್ತಾಳೆ. ತೀರಿದ್ದು ಬಡ್ಡಿ ಮಾತ್ರ. ಅರ್ಧವೆಂದು ಹೇಳಿದರೆ ದೇವರಿಗೆ ಅವಮಾನವಾದೀತೆಂದು ಇವರ ಭಯ. ಮತ್ತೆ ಕೆಲವರು ಪೂರಾ ಆಗಲಿಲ್ಲವೆಂದು ಸ್ತೋತ್ರದ ಮಾತನ್ನೇ ಎತ್ತುವದಿಲ್ಲ. ಪೂರೀಮ್ ಆಚರಿಸುವವರಾದರೋ ಆದದ್ದನ್ನು ಆದಷ್ಟೇ ಓದುತ್ತಾರೆ, ತೆರಿಗೆಯ ಸುದ್ದಿಯನ್ನೂ ಬಿಡುವದಿಲ್ಲ. ಓದಿ ಮುಗಿದ ಮೇಲೆ ಊಟಕ್ಕೆ ಕೂತು ಸಂತೋಷಪಡುತ್ತಾರೆ. ಇಲ್ಲದ್ದನ್ನು ಕೂಡಿಸಿದ ಹತ್ತು ಸಾಕ್ಷಿಗಳಿಗಿಂತ ಇಂಥ ಒಂದು ಓದುವಿಕೆಯು ಕರ್ತನಿಗೆ ಹೆಚ್ಚು ಮೆಚ್ಚಿಕೆಯಾದದ್ದೆಂದು ನಾವು ನಂಬುತ್ತೇವೆ.

ಆ ಸುರುಳಿಯ ಇಬ್ರಿಯ ಮೂಲದಲ್ಲಿ ದೇವರ ಹೆಸರು ಒಂದು ಸಾರಿಯೂ ಇಲ್ಲ. ಇದನ್ನು ಸಹಿಸಲಾರದೆಯೋ ಏನೋ, ಗ್ರೀಕ್ ಭಾಷೆಯ ಪ್ರತಿಯಲ್ಲಿ ಮೊರ್ದೆಕೈಯ ಪ್ರಾರ್ಥನೆಯನ್ನೂ ಎಸ್ತೇರಳ ಪ್ರಾರ್ಥನೆಯನ್ನೂ ಸೇರಿಸಿದ್ದಾರೆ. ಆ ಪ್ರಾರ್ಥನೆಗಳಲ್ಲಿ ತಪ್ಪೇನೂ ಇಲ್ಲ. ಆದಾಗ್ಯೂ ಮೂಲದ ಬರಹಗಾರನ ಮೌನವೇ ನಮಗೆ ಹೆಚ್ಚಾಗಿ ಹಿಡಿಸುತ್ತದೆ. ಅರಸನಿಗೆ ಒಂದು ರಾತ್ರಿ ನಿದ್ರೆ ಬರಲಿಲ್ಲ, ಪುರಾತನ ವೃತ್ತಾಂತದ ಪುಸ್ತಕವನ್ನು ಓದಿಸಿದನು, ಮೊರ್ದೆಕೈಯ ಹಳೇ ಉಪಕಾರವು ಅದರಲ್ಲಿ ಸಿಕ್ಕಿತು. ಇದನ್ನು ಮಾಡಿಸಿದವನು ಯಾರೆಂದು ಅವನು ಹೇಳದೆ ನಮಗೆ ಬಿಟ್ಟಿದ್ದಾನೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವದು ಸರಿಯಲ್ಲ. ಆ ದಿನ ಯೆಹೂದ್ಯರು ತಮ್ಮ ಹಗೆಗಳಲ್ಲಿ 75,000 ಮಂದಿಯನ್ನು ಕೊಂದರೆಂದು ಇಬ್ರಿಯ ಮೂಲವು ಹೇಳುತ್ತದೆ. ಗ್ರೀಕ್ ಪ್ರತಿಯಲ್ಲಿ ಲೆಕ್ಕ 15,000. ಲೆಕ್ಕ ಯಾವದಾದರೂ ಆಗಲಿ, ಹಗೆಗಳನ್ನು ಪ್ರೀತಿಸಿರೆಂದು ಕಲಿಸಿಕೊಂಡ ನಮಗೆ ಇದು ಸುಲಭವಾಗಿ ನುಂಗುವ ತುತ್ತಲ್ಲ. ಪ್ರಾಣರಕ್ಷಣೆಗಾಗಿ ಹೋರಾಡಿದರು ಎನ್ನಬಹುದು. ಆದರೆ ಶೂಷನಿನಲ್ಲಿ ಎರಡನೆಯ ದಿನವನ್ನು ಕೇಳಿಕೊಂಡದ್ದಕ್ಕೆ ಆ ಸಮಾಧಾನ ಸಾಲದೆಂದು ನಮಗೆ ತೋರುತ್ತದೆ. ಕೊಳ್ಳೆಗೆ ಅಪ್ಪಣೆಯಿದ್ದರೂ ಅವರು ಅದಕ್ಕೆ ಕೈಹಾಕಲಿಲ್ಲವೆಂದು ಬರಹಗಾರನು ಮೂರು ಸಾರಿ ಹೇಳುತ್ತಾನೆ. ಹಬ್ಬವನ್ನು ಗೊತ್ತುಮಾಡಿದ್ದು ಸಹ ಕೊಂದ ದಿನಕ್ಕಲ್ಲ, ವಿಶ್ರಮಿಸಿಕೊಂಡ ಮಾರನೆಯ ದಿನಕ್ಕೆ.

ಈ ವಿಷಯದಲ್ಲಿ ಯೆಹೂದ್ಯರಿಗೆ ಬುದ್ಧಿಹೇಳುವ ಯೋಗ್ಯತೆ ಕ್ರೈಸ್ತರಿಗೆ ಕಡಿಮೆ. ನಮ್ಮ ಪ್ರೊಟೆಸ್ಟಂಟ್ ಸಭೆಗಳೆಲ್ಲಾ ಗೌರವಿಸುವ ಲೂಥರನೇ 1543ರಲ್ಲಿ ಅವರ ಸಭಾಮಂದಿರಗಳನ್ನು ಸುಡಬೇಕೆಂದು ಬರೆದನು. ಅವನ ದೇಶದಲ್ಲಿಯೇ ಎದ್ದ ಹಿಟ್ಲರನ ಆಳಿಕೆಯವರು 1941ರಿಂದ 1945ರ ವರೆಗೆ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. 1942ರ ಪೂರೀಮಿನ ಕಾಲದಲ್ಲಿ ಪೋಲೆಂಡಿನ ಝ್ದುನ್‌ಸ್ಕಾ ವೋಲಾ ಎಂಬ ಊರಿನಲ್ಲಿ, ಹಾಮಾನನ ಹತ್ತು ಮಕ್ಕಳಿಗೆ ಪ್ರತೀಕಾರವೆಂದು ಹಾಸ್ಯಮಾಡುತ್ತಾ ಹತ್ತು ಮಂದಿ ಯೆಹೂದ್ಯರನ್ನು ಗಲ್ಲಿಗೆ ಹಾಕಿದರು. ಆ ಹತ್ತು ಮಂದಿಗೆ ಎಸ್ತೇರಳು ಬರಲಿಲ್ಲ. ಯಾವ ಅರಸನಿಗೂ ಆ ರಾತ್ರಿ ನಿದ್ರೆ ಕೆಡಲಿಲ್ಲ. ದೇವರು ತನ್ನವರನ್ನು ಯಾವಾಗಲೂ ಕಾಪಾಡುವನೆಂದು ಸಲೀಸಾಗಿ ಹೇಳುವ ಬೋಧಕರು ಇದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಮೊರ್ದೆಕೈಯು ಸಹ ಅಷ್ಟು ಸಲೀಸಾಗಿ ಹೇಳಲಿಲ್ಲ. ಜನಾಂಗಕ್ಕೆ ಎಲ್ಲಿಂದಾದರೂ ಸಹಾಯ ಬಂದೇ ಬರುವದೆಂದು ನಂಬಿದನು; ಆದರೆ ಎಸ್ತೇರಳು ಸುಮ್ಮನಿದ್ದರೆ ಅವಳೂ ಅವಳ ತಂದೆಯ ಮನೆಯವರೂ ನಾಶವಾಗಬಹುದೆಂದು ಅದೇ ಉಸಿರಿನಲ್ಲಿ ಎಚ್ಚರಿಸಿದನು. ಜನಾಂಗಕ್ಕೆ ಕೊಟ್ಟ ವಾಗ್ದಾನವು ಪ್ರತಿಯೊಬ್ಬನ ಪ್ರಾಣಕ್ಕೆ ಕೊಟ್ಟ ಚೀಟಿಯಲ್ಲವೆಂದು ಅವನು ಬಲ್ಲವನಾಗಿದ್ದನು. ಇಂಥ ಸಂಹಾರದಿಂದ ಉಳಿದವರು ಮುಂದಿನ ವರುಷಗಳಲ್ಲಿಯೂ ಪೂರೀಮ್ ಆಚರಿಸಿದರು, ಇಂದಿನ ವರೆಗೂ ಆಚರಿಸುತ್ತಾರೆ. ಇದನ್ನು ನಾವು ವಿವರಿಸಲಾರೆವು, ಗೌರವಿಸಬಲ್ಲೆವು.

ಆ ದಿನದ ಆಚರಣೆಯನ್ನೂ ಸ್ವಲ್ಪ ಹೇಳುವೆವು. ಸಭಾಮಂದಿರದಲ್ಲಿ ಸುರುಳಿಯನ್ನು ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲಾ ಮಕ್ಕಳು ಗಿಲಕಿ ಆಡಿಸಿ, ಕಾಲು ಬಡಿದು ಗದ್ದಲಮಾಡುತ್ತಾರೆ. ನಮ್ಮ ಸಭೆಯ ಹಿರಿಯರು ಅಲ್ಲಿದ್ದರೆ ಕಣ್ಣು ಕೆಂಪಗೆ ಮಾಡಿಯಾರು. ಸ್ನೇಹಿತರ ಮನೆಗಳಿಗೆ ತಿಂಡಿಗಳನ್ನು ಕಳುಹಿಸುತ್ತಾರೆ. ಬಡವರಿಗೆ ದಾನಕೊಡುವದಂತೂ ತಪ್ಪಿಸಕೂಡದ ಕಟ್ಟಳೆ. 12ನೆಯ ಶತಮಾನದ ಅವರ ಮಹಾಪಂಡಿತನಾದ ಮೈಮೋನಿದನು, ಹಬ್ಬದ ಊಟಕ್ಕಿಂತಲೂ ಸ್ನೇಹಿತರ ತಿಂಡಿಗಿಂತಲೂ ಬಡವರ ದಾನಕ್ಕೆ ಹೆಚ್ಚಾಗಿ ವೆಚ್ಚಮಾಡಬೇಕೆಂದು ಬರೆದಿದ್ದಾನೆ. ಕೈಚಾಚಿದವನನ್ನು ನೀನು ಯಾರು, ಎಷ್ಟು ಬಡವನು ಎಂದು ಆ ದಿನ ವಿಚಾರಿಸಕೂಡದು, ಕೊಟ್ಟುಬಿಡಬೇಕು. ಧರ್ಮದಿಂದ ಜೀವನಮಾಡುವ ಬಡವನು ಸಹ, ತನಗೆ ಬಂದದ್ದರಲ್ಲಿಯೇ ಸ್ವಲ್ಪವನ್ನು ತೆಗೆದು ಇಬ್ಬರು ಬಡವರಿಗೆ ಕೊಡುತ್ತಾನೆ.