ಜೀರ್ಣವಸ್ತ್ರದ ಗತಿ

ದೇಹಕ್ಕೂ ದೇಹಿಗೂ ಇರುವ ಸಂಬಂಧವನ್ನು ತಿಳಿಯಹೇಳಲೆಂದು ಗೀತಾಚಾರ್ಯನು ಎರಡನೆಯ ಅಧ್ಯಾಯದಲ್ಲಿ, ಜೀರ್ಣವಾದ ವಸ್ತ್ರವನ್ನು ಕಳಚಿ ಹೊಸದನ್ನುಡುವ ಮನುಷ್ಯನನ್ನು ದೃಷ್ಟಾಂತವಾಗಿ ತಂದಿರುವುದು ಸರ್ವವಿದಿತವಾದದ್ದು. ಆ ಗ್ರಂಥಕ್ಕೆ ಭಾಷ್ಯಗಳು ಹುಟ್ಟಿದವು, ಭಾಷ್ಯಗಳಿಗೆ ಟೀಕೆಗಳು ಹುಟ್ಟಿದವು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ತೀರದಲ್ಲಿ, ಯಾರ ಬೃಂದಾವನವೆಂದು ಭಕ್ತರು ಇಂದಿಗೂ ಪ್ರದಕ್ಷಿಣೆ ಬರುತ್ತಿರುವರೋ ಆ ಜಯತೀರ್ಥರು, ಟೀಕಾಚಾರ್ಯರೆಂಬ ಹೆಸರಿನಿಂದಲೇ ಪ್ರಸಿದ್ಧರಾದವರು, 14ನೆಯ ಶತಮಾನದಲ್ಲಿ ಮಧ್ವರ ಗೀತಾಭಾಷ್ಯಕ್ಕೆ ‘ಪ್ರಮೇಯದೀಪಿಕೆ’ಯನ್ನೂ ಗೀತಾತಾತ್ಪರ್ಯಕ್ಕೆ ‘ನ್ಯಾಯದೀಪಿಕೆ’ಯನ್ನೂ ರಚಿಸಿದರು. ಈ ವಿಚಾರಪರಂಪರೆಯೆಲ್ಲವೂ ಉಟ್ಟವನನ್ನು ಕುರಿತದ್ದು: ಅವನು ಎಲ್ಲಿಂದ ಬಂದನು, ಎಲ್ಲಿಗೆ ಹೋದನು, ಉಟ್ಟದ್ದಕ್ಕಿಂತ ಅವನು ಹೇಗೆ ಬೇರೆ. ಕಳಚಿಬಿದ್ದ ಬಟ್ಟೆಯ ಗತಿಯೇನೆಂದು ಕೇಳಿದವರು ವಿರಳ. ದೃಷ್ಟಾಂತವನ್ನು ಅದರ ಪ್ರಯೋಜನದಿಂದಾಚೆಗೆ ಎಳೆಯತಕ್ಕದ್ದಲ್ಲವೆಂಬ ಶಾಸ್ತ್ರಮರ್ಯಾದೆಯುಂಟು, ನಿಜ. ಆದರೂ ಅದೇ ಮಳಖೇಡದ ಓಣಿಗಳಲ್ಲಿ ಹೆಂಗಸರು ಜೀರ್ಣವಸ್ತ್ರಗಳ ರಾಶಿಯನ್ನೇ ಮುಂದೆ ಹರವಿಕೊಂಡು ಕೌದಿ ಹೊಲಿಯುತ್ತಿರುವಾಗ, ಆ ಮರ್ಯಾದೆಯನ್ನು ಸ್ವಲ್ಪ ಮೀರಿದರೆ ಟೀಕಾಚಾರ್ಯರು ಮುನಿಯಲಾರರೆಂದು ನನಗೆ ತೋರುತ್ತದೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಕೌದಿಯಿಲ್ಲದ ಹಳೆಯ ಮನೆಯನ್ನು ಕಾಣುವುದು ಕಷ್ಟ. ನಾಡೇ ಕಲ್ಲಿನದು. ಶಹಾಬಾದಿನ ಪರಸಿಯೇ ನೆಲ, ಎಷ್ಟೋ ಕಡೆ ಪರಸಿಯೇ ಮಾಳಿಗೆ. ಮಾಗಿಯಲ್ಲಿ ಕೊರೆಯುವ ಆ ಕಲ್ಲಿಗೂ ಮಲಗಿದವರ ಮೈಗೂ ನಡುವೆ ಇರತಕ್ಕದ್ದು ಕೌದಿ. ತೊಗರಿಯ ರಾಶಿ ಮನೆ ಸೇರಿ ಹೊಲಗಳು ಬರಿದಾದ ಬೇಸಗೆಯ ಬಿಡುವಿನಲ್ಲಿ, ವರ್ಷವಿಡೀ ಗಂಟು ಕಟ್ಟಿಟ್ಟಿದ್ದ ಹಳೆಯ ಬಟ್ಟೆಗಳು ಹೊರಬರುತ್ತವೆ. ತೊಳೆತೊಳೆದು ಗಂಜಿ ಬಿಟ್ಟ ನೂಲಿನ ಸೀರೆಯೊಂದು ತಳವಾಗುತ್ತದೆ; ಅದರ ಮೇಲೆ ಸವೆದ ಧೋತರಗಳ ಪದರು; ಎಲ್ಲಕ್ಕೂ ಮೇಲೆ ಮೂರು ಮೂಲೆಯ, ನಾಲ್ಕು ಮೂಲೆಯ ತುಂಡುಗಳು, ಕೆಂಪಿನ ಪಕ್ಕದಲ್ಲಿ ಹಸಿರು, ಹಸಿರಿನ ಪಕ್ಕದಲ್ಲಿ ಅಂಗಿಯ ಗೀರು. ಅನಂತರ ದಪ್ಪ ದಾರದ ಹೊಲಿಗೆ ಅಂಚಿನಿಂದ ಹೊರಟು, ಸುತ್ತಿನೊಳಗೊಂದು ಸುತ್ತಾಗಿ, ಎಲ್ಲ ಪದರುಗಳನ್ನೂ ಒಮ್ಮೆಗೇ ಚುಚ್ಚುತ್ತ ನಡುವಿಗೆ ಬಂದು ಸೇರುತ್ತದೆ. ಇಬ್ಬರು ಮೂವರು ಕೂಡಿ ಕುಳಿತರೆ ಮಾತೂ ಸೂಜಿಯೂ ಒಟ್ಟಿಗೇ ನಡೆಯುವುದುಂಟು. “ಇದು ನಮ್ಮಾಯಿ ಸೀರಿ, ಇದು ತಮ್ಮನ ಅಂಗಿ, ಇದು ನನ್ನ ಮದುವ್ಯಾಗ ಬಂದಿದ್ದು” ಎಂದು ಬೆರಳಿಟ್ಟು ತೋರಿಸುವಾಗ, ಅದು ಹಾಸಿಗೆಯೋ ವಂಶಾವಳಿಯೋ ಎಂದು ನೋಡುವವನಿಗೆ ಸಂದೇಹ ಬರಬೇಕು. ಉತ್ತರಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯ ಹೂಗಳನ್ನು ಮಡಿಸಿ ಹೊಲಿಯುತ್ತಾರೆ; ಅವಿಲ್ಲದಿದ್ದರೆ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಹೊದಿಕೆಗೇ ಮಾನದ ಚಿಂತೆ! ಕಳಚಿದ ಬಟ್ಟೆಯನ್ನು ಕೇವಲ ಜಡವೆಂದು ಎಣಿಸಿದವರಿಂದ ಆಡತಕ್ಕ ಮಾತಲ್ಲ ಅದು.

ತಾರ್ಕಿಕರಿಗಂತೂ ಬಟ್ಟೆಯಿಲ್ಲದೆ ವಾದವೇ ನಡೆಯದು. ನೂಲು ಅವಯವ, ಬಟ್ಟೆ ಅವಯವಿ. ಅವಯವಿಯು ಅವಯವಗಳಿಗಿಂತ ಬೇರೆಯಾದ, ಸಮವಾಯಸಂಬಂಧದಿಂದ ಅವುಗಳಲ್ಲಿ ನೆಲೆಸಿರುವ ನೂತನ ದ್ರವ್ಯವೆಂದು ನೈಯಾಯಿಕರು ಸಾಧಿಸುತ್ತಾರೆ. ಬಟ್ಟೆಯ ಒಂದಂಶ ಹರಿದುಹೋದರೆ ಮೊದಲಿನ ಪಟ ನಾಶವಾಗಿ ಖಂಡಪಟವೆಂಬ ಮತ್ತೊಂದು ಹುಟ್ಟಿತೆನ್ನುವರು. ಬೌದ್ಧರು ಇದನ್ನೊಪ್ಪರು, ನಾಗಸೇನನು ಮಿಲಿಂದರಾಜನ ರಥವನ್ನು ಚಕ್ರ, ಅಚ್ಚು, ನೊಗಗಳಾಗಿ ಬಿಡಿಸಿ ಕೇಳಿದಂತೆ, ಅಂಗಗಳ ಹೊರತು ಅಂಗಿಯೆಂಬುದು ಎಲ್ಲಿದೆಯೆಂದು ಕೇಳುವರು. ಈ ಕಲಹದ ನಡುವೆ ಕೌದಿಯನ್ನು ತಂದು ಹಾಸಿದರೆ ನೈಯಾಯಿಕನಿಗೇ ಮೊದಲು ಕಷ್ಟ. ಅವನ ಲೆಕ್ಕದಲ್ಲಿ ಗಡಿಗೆ, ಬಟ್ಟೆಗಳು ಅಂತ್ಯಾವಯವಿಗಳು. ಅವುಗಳಿಂದ ಮುಂದೆ ಬೇರೊಂದು ದ್ರವ್ಯ ಹುಟ್ಟದು. ಹಾಗಾದರೆ ಬಟ್ಟೆಗೆ ಬಟ್ಟೆ ಕೂಡಿಸಿದ್ದು ಬರಿಯ ಸಂಯೋಗ, ಅಗಸನ ಗಂಟಿನಂಥದು ಎನ್ನಬೇಕಾಗುತ್ತದೆ. ಆದರೆ ಗಂಟನ್ನು ಬಿಚ್ಚಿದರೆ ಸೀರೆ ಸೀರೆಯಾಗಿಯೇ ದೊರೆಯುವುದು. ಹಳೆಯ ಕೌದಿಯ ಹೊಲಿಗೆ ಬಿಚ್ಚಿದರೆ ದೊರೆಯುವುದು ಚಿಂದಿ, ಏಕೆಂದರೆ ಆ ತುಂಡುಗಳು ಈಗ ಒಂದರ ಬಲದಿಂದ ಇನ್ನೊಂದು ನಿಂತಿರತಕ್ಕವು. ಮೇಲಾಗಿ, ಅವಯವಿಯುಂಟೆಂಬುದಕ್ಕೆ ನ್ಯಾಯಸೂತ್ರಕಾರನೇ ಕೊಟ್ಟ ಹೇತುವೊಂದುಂಟು: ಒಂದು ಭಾಗವನ್ನು ಹಿಡಿದೆಳೆದರೆ ಇಡಿಯ ವಸ್ತುವೇ ಬರುತ್ತದೆ. ಒಂದೇ ಕೌದಿಯಡಿ ಮಲಗಿ, ನಡುರಾತ್ರಿ ಅಂಚನ್ನು ತಮ್ಮತ್ತ ಜಗ್ಗಿ ಅಣ್ಣನನ್ನು ಚಳಿಗೆ ಒಡ್ಡಿದ ಮಕ್ಕಳೆಲ್ಲರೂ ಆ ಸೂತ್ರವನ್ನು ಪ್ರತ್ಯಕ್ಷಪ್ರಮಾಣದಿಂದಲೇ ಬಲ್ಲರು. ಆದ್ದರಿಂದ ಕೌದಿ ಒಂದು ಅವಯವಿ ಎಂಬ ಪಕ್ಷವೇ ನನಗೆ ಸಮ್ಮತ. ಆದರೆ ಅದು ವಿಲಕ್ಷಣವಾದ ಅವಯವಿ. ಪಟದಲ್ಲಿ ಒಂದು ನೂಲನ್ನು ಗುರುತಿಸಿ ಇದು ಇಂಥದೆಂದು ಹೇಳುವವರಿಲ್ಲ. ಕೌದಿಯಲ್ಲಿ ತುಂಡು ತುಂಡಿಗೂ ತನ್ನ ಬಣ್ಣವುಂಟು, ಪೂರ್ವವೃತ್ತಾಂತವುಂಟು.

ಇಲ್ಲಿ ಮತ್ತೆ ಮಳಖೇಡದ ಯತಿಯ ಮತವೇ ನೆನಪಿಗೆ ಬರುತ್ತದೆ. ಭೇದಗಳು ಐದೆಂದು ಮಾಧ್ವಸಿದ್ಧಾಂತ: ಈಶನಿಗೂ ಜೀವನಿಗೂ, ಈಶನಿಗೂ ಜಡಕ್ಕೂ, ಜೀವಜೀವರಿಗೆ, ಜೀವನಿಗೂ ಜಡಕ್ಕೂ, ಕಡೆಯದಾಗಿ ಜಡಕ್ಕೂ ಜಡಕ್ಕೂ. ಮೊದಲ ನಾಲ್ಕರ ಮೇಲೆ ಮಠಮಠಗಳಲ್ಲಿ ರಾತ್ರಿಗಳು ಕಳೆದಿವೆ. ಐದನೆಯದನ್ನು ಪಟ್ಟಿಯ ಪೂರ್ಣತೆಗಾಗಿ ಹೇಳಿದಂತೆ ಹೇಳಿ ಮುಂದೆ ಸಾಗುವವರೇ ಬಹಳ. ಕೌದಿಯಾದರೋ ಆ ಐದನೆಯ ಭೇದದ ಕ್ಷೇತ್ರ. ಅದರಲ್ಲಿ ಐಕ್ಯವಿದೆ, ಲಯವಿಲ್ಲ. ಹೊಲಿಗೆ ಎಲ್ಲವನ್ನೂ ಸಮನಾಗಿ ಹಾಯುತ್ತದೆ, ಯಾವುದರ ಬಣ್ಣವನ್ನೂ ಅಳಿಸುವುದಿಲ್ಲ. ಸತ್ತವರು ಸಮಷ್ಟಿಯಲ್ಲಿ ಕರಗಿಹೋದರೆಂಬ ಸಮಾಧಾನ ನನಗೆ ಎಂದೂ ಒಗ್ಗಿದ್ದಲ್ಲ. ಕರಗಿದ್ದೇ ಆದರೆ ಅಳುವುದು ಯಾರಿಗಾಗಿ?

ಹಾಗೆಂದು ಜೀರ್ಣವಸ್ತ್ರದ ಪ್ರಶ್ನೆಯನ್ನು ನೇರವಾಗಿ ಎತ್ತಿದ ಕೀರ್ತಿ ವೈದಿಕರಿಗೆ ಸಲ್ಲದು. ಚಿತ್ತಾಪುರ ಸೀಮೆಯಲ್ಲಿ ಭೀಮಾತೀರದ ಸನ್ನತಿಯ ನೆರೆಯಲ್ಲಿರುವ ಕನಗನಹಳ್ಳಿಯ ಮಹಾಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ, ಬ್ರಾಹ್ಮೀ ಲಿಪಿಯಲ್ಲಿ ಹೆಸರು ಕೊರೆದ ಅಶೋಕರಾಜನ ಶಿಲ್ಪವೇ ದೊರೆಯಿತು. ಆ ಸ್ತೂಪವನ್ನು ಬಲಗೊಂಡ ಭಿಕ್ಷುಗಳ ಚೀವರ ತುಂಡು ಕೂಡಿಸಿದ್ದು. ಕಸದ ರಾಶಿಯಿಂದಲೂ ಶ್ಮಶಾನದಿಂದಲೂ ಆರಿಸಿ ತಂದ ಚಿಂದಿಯನ್ನು ತೊಳೆದು ಹೊಲಿದು ಹೊದೆಯುವುದು ಉತ್ತಮವ್ರತವೆನಿಸಿತ್ತು. ಮಗಧದ ಬದುಬದುವಾದ ಗದ್ದೆಗಳನ್ನು ತೋರಿಸಿ, ಇದರಂತೆ ಚೀವರವನ್ನು ಹೊಂದಿಸಬಲ್ಲೆಯಾ ಎಂದು ಬುದ್ಧನು ಆನಂದನನ್ನು ಕೇಳಿದನೆಂದು ವಿನಯಪಿಟಕ ಹೇಳುತ್ತದೆ. ಅದೇ ಪಿಟಕದಲ್ಲಿ ಇನ್ನೊಂದು ಪ್ರಸಂಗ. ಉದಯನರಾಜನ ರಾಣಿಯರು ಆನಂದನಿಗೆ 500 ಉತ್ತರೀಯಗಳನ್ನು ಕೊಟ್ಟುಬಿಟ್ಟರು. ಸನ್ಯಾಸಿಗೆ ಇಷ್ಟೇಕೆಂದು ಮುನಿದ ರಾಜ ವಿಚಾರಣೆಗೆ ಬಂದ. ಚೀವರ ಜೀರ್ಣವಾದ ಭಿಕ್ಷುಗಳಿಗೆ ಹಂಚುವೆನೆಂದ ಆನಂದ. ಹಳೆಯ ಚೀವರಗಳನ್ನೇನು ಮಾಡುವಿರಿ? ಹಾಸಿನ ಮೇಲ್ಹೊದಿಕೆ. ಹಳೆಯ ಹೊದಿಕೆ? ನೆಲಹಾಸು, ಅದು ಸವೆದರೆ ಕಾಲೊರಸು, ಮುಂದೆ ಧೂಳೊರಸುವ ಬಟ್ಟೆ. ಕಡೆಗೆ? ಕೊಚ್ಚಿ, ಮಣ್ಣಿನಲ್ಲಿ ಕಲಸಿ, ನೆಲ ಸಾರಿಸುವೆವು. ರಾಜ ಸುಪ್ರೀತನಾಗಿ ಮತ್ತೆ 500 ವಸ್ತ್ರಗಳನ್ನು ಕೊಟ್ಟನಂತೆ. ಯಾವ ಉಪದೇಶದಿಂದಲೂ ಒಲಿಯದ ರಾಜರು ಲೆಕ್ಕ ಒಪ್ಪಿಸಿದರೆ ಒಲಿಯುವುದುಂಟು.

ಶ್ಮಶಾನದ ಬಟ್ಟೆಯೆಂದೊಡನೆ ಮಡಿಮೈಲಿಗೆಯ ಮಾತು ಏಳುವುದು ಸಹಜ. ಸತ್ತವರ ಮೈಮೇಲಿದ್ದುದನ್ನು ಮನೆಗೆ ತರುವವರಿಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿದ್ದ ಸೀರೆಗಳ ವಿಷಯದಲ್ಲಿ ಮನೆಗೊಂದು ರೂಢಿ. ದಾನ ಕೊಟ್ಟು ಕೈತೊಳೆದುಕೊಳ್ಳುವವರುಂಟು. ಮುಂದೆ ಹುಟ್ಟಲಿರುವ ಕೂಸಿನ ತೊಟ್ಟಿಲ ಕೌದಿಗೆಂದು ಜೋಪಾನ ಮಾಡುವವರೂ ಉಂಟು. ಎಳೆಯ ಮೈಗೆ ಒಗ್ಗುವಷ್ಟು ಮಿದುವಾಗಬೇಕಾದರೆ ಬಟ್ಟೆ ಒಂದು ಜೀವಮಾನ ಸವೆದಿರಲೇಬೇಕಷ್ಟೆ. ಸೂತಕವನ್ನು ನೀರಿನಿಂದ ಕಳೆದುಕೊಳ್ಳಬಹುದೆಂದು ಧರ್ಮಶಾಸ್ತ್ರ ಹೇಳಿದರೆ, ಉಪಯೋಗದಿಂದಲೂ ಕಳೆಯಬಹುದೆಂದು ಈ ಅಜ್ಜಿಯರು ಹೇಳದೆ ಆಚರಿಸಿದರು. ಇದು ಬಟ್ಟೆಗೆ ಮಾತ್ರ ಸಲ್ಲುವ ನ್ಯಾಯವಲ್ಲ. ಸನ್ನತಿಯ ಚಂದ್ರಲಾಂಬೆಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದು ಮೂರ್ತಿಯ ಕೆಳಗಣ ಪೀಠ ಹೊರಬಿದ್ದಾಗ, ಅದು ಅಶೋಕನ ಶಾಸನದ ಚಪ್ಪಡಿಯೆಂದು ತಿಳಿಯಿತು. 12 ಮತ್ತು 14ನೆಯ ಬಂಡೆಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಚೌಕ ಕೊರೆದದ್ದರಿಂದ ಅಲ್ಲಿದ್ದ ಅಕ್ಷರಗಳು ಹೋದವು. ಇದನ್ನು ಅಜ್ಞಾನವೆಂದು ಹಳಿದವರಿದ್ದಾರೆ. ನನಗೆ ಹಾಗೆನ್ನಿಸದು. ಪೀಠವಾಗದೆ ಇದ್ದಿದ್ದರೆ ಆ ಕಲ್ಲು ಯಾವ ಹೊಲದ ಬದುವಿನಲ್ಲಿ ಒಡೆದು ಚೂರಾಗುತ್ತಿತ್ತೋ! ತನ್ನ ಮತವನ್ನೇ ಹೊಗಳಿ ಪರಮತವನ್ನು ಹಳಿಯಬಾರದೆಂಬ 12ನೆಯ ಶಾಸನವು ಪರದೇವತೆಯೊಬ್ಬಳನ್ನು ಹೊತ್ತುಕೊಂಡೇ ಶತಮಾನಗಳನ್ನು ದಾಟಿತು.

ಈಗ ಗಂಟಿನೊಳಗಿನ ಬಟ್ಟೆಯೇ ಬದಲಾಗಿದೆ. ವಾಡಿಯ ಸಿಮೆಂಟ್ ಕಾರ್ಖಾನೆಯ ವಸತಿಗಳಲ್ಲಿ ಸೋಲಾಪುರದ ಚಾದರು, ಯಂತ್ರದ ರಗ್ಗುಗಳದೇ ರಾಜ್ಯ. ಪಾಲಿಯೆಸ್ಟರ್ ಸೀರೆ ಸವೆಯುವುದೇ ಇಲ್ಲ, ಬೆವರು ಹೀರುವುದೂ ಇಲ್ಲ. ಪಟ್ಟಣದ ಅಂಗಡಿಗಳಿಗಾಗಿ ಹೊಸ ಬಟ್ಟೆಯನ್ನೇ ಕತ್ತರಿಸಿ ಹೊಲಿದ ಕೌದಿಗಳು ಕಣ್ಣಿಗೆ ಸೊಗಸು, ಹೊಲಿದವರ ಕೈಗೆ ನಾಲ್ಕು ಕಾಸು. ಅದರ ಬಗೆಗೆ ನನ್ನ ತಕರಾರಿಲ್ಲ. ಯಾರೂ ಉಡದ ಬಟ್ಟೆಯಿಂದಾದ ಆ ಕೌದಿಗೆ ಮಾತ್ರ ನಾವು ಕೈಗೊಂಡ ಪ್ರಶ್ನೆ ಅನ್ವಯಿಸದು.

ಒಂದು ಆಕ್ಷೇಪ ಉಳಿದಿದೆ. ತುಂಡು ತುಂಡಿಗೂ ವೃತ್ತಾಂತವುಂಟೆಂದೆ. ಅದನ್ನು ಬಲ್ಲವರು ಎಷ್ಟು ಕಾಲ ಇದ್ದಾರು? ಸವೆದ ಕೌದಿಯನ್ನು ಎಸೆಯುವುದಿಲ್ಲ. ಹೊಸ ಕೌದಿಯ ಪದರುಗಳ ನಡುವೆ ಇಟ್ಟು ಹೊಲಿದುಬಿಡುತ್ತಾರೆ. ಒಳಗಿನದು ಯಾರ ಸೀರೆಯೆಂದು ಸೊಸೆಯನ್ನು ಕೇಳಿದರೆ, “ಏನೋ ರೀ, ನಮ್ಮತ್ತಿ ಕೌದ್ಯಾಗ ಇತ್ತು” ಎಂದಾಳು. ಅವಳ ಸೊಸೆಗೆ ಅದೂ ತಿಳಿಯದು. ಗುರುತಿಸುವವರು ಅಳಿದ ಮೇಲೆ ಭೇದವೂ ಅಳಿಯಿತೆಂದು ಅದ್ವೈತಿ ಇಲ್ಲಿ ನಗಬಹುದು. ಟೀಕಾಚಾರ್ಯರ ಪಕ್ಷದವರು ಒಪ್ಪಲಾರರು: ಭೇದವು ವಸ್ತುವಿನ ಸ್ವರೂಪವೇ ಹೊರತು ನೋಡುವವನ ಎಣಿಕೆಯಲ್ಲ, ಬಲ್ಲವರಿದ್ದರೂ ಇಲ್ಲದಿದ್ದರೂ ಕೆಂಪು ಕೆಂಪೇ, ಹಸಿರು ಹಸಿರೇ ಎನ್ನುವರು. ಹೊಲಿಗೆ ಬಿಚ್ಚಿಹೋದ ಹಳೆಯ ಕೌದಿಯ ಮೂಲೆಯಲ್ಲಿ, ಮೇಲಿನ ಬಟ್ಟೆ ಸವೆದ ಕಡೆ, ಯಾರದೆಂದು ಯಾರೂ ಅರಿಯದ ಸೀರೆಯ ಅಂಚೊಂದು ಇಣುಕುವುದನ್ನು ಕಂಡಾಗ ನಾನು ಅವರ ಪಕ್ಷಕ್ಕೆ ವಾಲುತ್ತೇನೆ; ಅದ್ವೈತಿಯ ನಗುವಿಗೆ ಪೂರ್ಣ ಉತ್ತರ ಅದರಿಂದ ದೊರೆಯಿತೆಂದು ಮಾತ್ರ ಹೇಳಲಾರೆ.