ಮುದುಕನನ್ನು ಬಿಟ್ಟುಬಿಡಬಹುದಿತ್ತೇ?

ಒಬ್ಬ ಮನುಷ್ಯ ಕೊಲೆ ಮಾಡಿದ. ಮೂವತ್ತು ವರ್ಷ ಕಳೆದವು. ಈಗ ಅವನಿಗೆ ಎಪ್ಪತ್ತಮೂರು ವಯಸ್ಸು. ಅವನನ್ನು ಕರೆತಂದು ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ, ಅಥವಾ ಹಗೆ ತೀರಿಸಿಕೊಳ್ಳುವುದೇ? ಲೆಕ್ಕವಿಡದೆ ಕ್ಷಮಿಸಬೇಕೆಂಬ ಬೋಧನೆಯನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿರುವ ನಮಗೆ ಈ ಪ್ರಶ್ನೆ ಸುಲಭದ್ದಲ್ಲ. ರಾಬ್ ರೈನರ್ ನಿರ್ದೇಶಿಸಿ 1996ರಲ್ಲಿ ತೆರೆಕಂಡ ‘ಘೋಸ್ಟ್ಸ್ ಆಫ್ ಮಿಸಿಸಿಪಿ’ ಎಂಬ ಅಮೆರಿಕದ ಚಲನಚಿತ್ರ ಈ ಪ್ರಶ್ನೆಯನ್ನೇ ನಮ್ಮ ಮುಂದಿಡುತ್ತದೆ. ಅದರ ಕಥೆ ನಿಜವಾಗಿ ನಡೆದದ್ದು.

ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಮೆಡ್ಗರ್ ಎವರ್ಸ್ ಎಂಬುವರಿದ್ದರು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ರಾಷ್ಟ್ರೀಯ ಸಂಘವೊಂದರ ಕಾರ್ಯದರ್ಶಿ. 1963ರ ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿಯವರು ಟಿ.ವಿ.ಯಲ್ಲಿ ನಾಗರಿಕ ಹಕ್ಕುಗಳ ಬಗ್ಗೆ ಮಾತನಾಡಿದ್ದರು. ಎವರ್ಸ್ ಪತ್ನಿ ಮರ್ಲಿ ಮೂವರು ಮಕ್ಕಳೊಂದಿಗೆ ಆ ಭಾಷಣ ಕೇಳಿ, ಗಂಡನಿಗಾಗಿ ಕಾಯುತ್ತಾ ಎಚ್ಚರವಾಗಿಯೇ ಇದ್ದರು. ಮಧ್ಯರಾತ್ರಿ ಕಳೆದ ಮೇಲೆ ಕಾರಿನ ಸದ್ದು ಕೇಳಿಸಿತು, ಅದರ ಬೆನ್ನಿಗೇ ಗುಂಡಿನ ಸದ್ದು. ಮಕ್ಕಳು ನೆಲಕ್ಕೆ ಬಿದ್ದರು. ಗುಂಡಿನ ಸದ್ದು ಕೇಳಿದರೆ ಏನು ಮಾಡಬೇಕೆಂದು ಅಪ್ಪನೇ ಅವರಿಗೆ ಕಲಿಸಿಟ್ಟಿದ್ದ! ಮನೆಯಂಗಳದಲ್ಲಿ ಬೆನ್ನಿಗೆ ಗುಂಡು ತಗುಲಿ ಬಿದ್ದಿದ್ದ ಮೆಡ್ಗರ್, ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೇಳು.

ಹತ್ತಿರದ ಪೊದೆಯಲ್ಲಿ ಬಂದೂಕು ಸಿಕ್ಕಿತು. ಅದರ ದುರ್ಬೀನಿನ ಮೇಲೆ ಬೈರನ್ ಡಿ ಲಾ ಬೆಕ್‌ವಿತ್ ಎಂಬ ಬಿಳಿಯನ ಬೆರಳಚ್ಚು ಇತ್ತು. 1964ರಲ್ಲಿ ಎರಡು ಸಲ ವಿಚಾರಣೆ ನಡೆಯಿತು. ಎರಡು ಸಲವೂ ಪಂಚರಾಗಿ ಕುಳಿತವರು ಹನ್ನೆರಡು ಮಂದಿ ಬಿಳಿ ಗಂಡಸರು. ಎರಡು ಸಲವೂ ಅವರಲ್ಲಿ ಒಮ್ಮತ ಮೂಡಲಿಲ್ಲ. ಮೊದಲ ವಿಚಾರಣೆ ನಡೆಯುತ್ತಿದ್ದಾಗ, ಆಗಷ್ಟೇ ಅಧಿಕಾರದಿಂದ ಇಳಿದಿದ್ದ ಗವರ್ನರ್ ರಾಸ್ ಬಾರ್ನೆಟ್ ನ್ಯಾಯಾಲಯಕ್ಕೇ ಬಂದು ಆರೋಪಿಯ ಕೈ ಕುಲುಕಿದರು. ಇದನ್ನು ಕಂಡ ಪಂಚರಿಗೆ ಬೇರೆ ಏನು ಹೇಳಬೇಕಾಗಿತ್ತು? ಬೆಕ್‌ವಿತ್ ಮನೆಗೆ ಹೋದ. 1967ರಲ್ಲಿ ಅದೇ ರಾಜ್ಯದ ಉಪ ಗವರ್ನರ್ ಸ್ಥಾನಕ್ಕೆ ಚುನಾವಣೆಗೂ ಇಳಿದ.

ನಮ್ಮ ನಾಡಿನಲ್ಲಿ ಕೋರ್ಟು ತಡವೆಂದರೆ ಫೈಲು ಸಾಗುವುದಿಲ್ಲ, ವಾಯಿದೆ ಮೇಲೆ ವಾಯಿದೆ ಬೀಳುತ್ತದೆ ಎಂದು ಅರ್ಥ. ಮಿಸಿಸಿಪಿಯ ತಡ ಅಂಥದ್ದಲ್ಲ. 1989ರಲ್ಲಿ ಪತ್ರಿಕೆಯೊಂದು ಒಂದು ಸಂಗತಿಯನ್ನು ಬಯಲಿಗೆಳೆಯಿತು. ಎರಡನೆಯ ವಿಚಾರಣೆಯ ಹೊತ್ತಿಗೆ, ರಾಜ್ಯ ಸರ್ಕಾರದ ಆಯೋಗವೊಂದು ಪಂಚರಾಗಬಹುದಾದವರ ವಿವರಗಳನ್ನು ಗುಟ್ಟಾಗಿ ಕಲೆಹಾಕಿ ಆರೋಪಿಯ ವಕೀಲರಿಗೆ ಕೊಟ್ಟಿತ್ತು. ಒಂದು ಕಡೆ ಸರ್ಕಾರಿ ವಕೀಲರು ಶಿಕ್ಷೆಗಾಗಿ ವಾದಿಸುತ್ತಿದ್ದರು, ಇನ್ನೊಂದು ಕಡೆ ಅದೇ ಸರ್ಕಾರ ಬಿಡುಗಡೆಗೆ ದಾರಿ ಮಾಡಿಕೊಡುತ್ತಿತ್ತು. ಅದೂ ಕಪ್ಪು ಜನರ ತೆರಿಗೆಯೂ ಸೇರಿದ ಖಜಾನೆಯಿಂದ.

ಮರ್ಲಿ ಮತ್ತೆ ವಿಚಾರಣೆ ಬೇಕೆಂದು ಪಟ್ಟು ಹಿಡಿದರು. ಸಹಾಯಕ ಸರ್ಕಾರಿ ವಕೀಲ ಬಾಬಿ ಡಿಲಾಟರ್ ಹುಡುಕಹೋದಾಗ ಹಳೆಯ ದಾಖಲೆಗಳೇ ಇರಲಿಲ್ಲ. ಮೊದಲ ವಿಚಾರಣೆಯ ಪೂರ್ಣ ಪ್ರತಿಯನ್ನು ಮರ್ಲಿಯವರೇ ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಬಂದೂಕು ಸಿಕ್ಕಿದ್ದು ಎಲ್ಲಿ ಗೊತ್ತೇ? ನ್ಯಾಯಾಧೀಶರಾಗಿದ್ದ ಡಿಲಾಟರ್ ಅವರ ಮಾವನ ಮನೆಯಲ್ಲಿ! 1991ರಲ್ಲಿ ಮೆಡ್ಗರ್ ಅವರ ಶವವನ್ನು ಸಮಾಧಿಯಿಂದ ಹೊರತೆಗೆದು ಮತ್ತೆ ಪರೀಕ್ಷಿಸಲಾಯಿತು. 1994ರ ಫೆಬ್ರವರಿ 5ರಂದು ಎಂಟು ಮಂದಿ ಕಪ್ಪು ಜನರೂ ನಾಲ್ವರು ಬಿಳಿಯರೂ ಇದ್ದ ಪಂಚರು ಬೆಕ್‌ವಿತ್ ಅಪರಾಧಿ ಎಂದರು. ಜೀವಾವಧಿ ಶಿಕ್ಷೆಯಾಯಿತು.

ಇಷ್ಟು ಕಾಲವಾದ ಮೇಲೆ ಯಾಕೆ, ಹಳೆಯ ಗಾಯ ಕೆರೆಯುವುದೇಕೆ ಎಂದು ಆ ಊರಿನ ಅನೇಕರು ಕೇಳಿದರು. ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೀರಿಕೊಂಡಿದ್ದ ಸಾಕ್ಷಿಗಳ ಹೇಳಿಕೆಗಳನ್ನು ಹಳೆಯ ಕಾಗದದಿಂದ ಓದಿ ಹೇಳಬೇಕಾಯಿತು. ಕಾಗದಕ್ಕೆ ಪಾಟೀಸವಾಲು ಹಾಕಲು ಬರುವುದಿಲ್ಲ. ಆದರೆ ಆ ತಡದಿಂದ ಮೂವತ್ತು ವರ್ಷ ಈ ಕೊಲೆಗೆ ಶಿಕ್ಷೆ ಅನುಭವಿಸದೆ ಬದುಕುವ ಅವಕಾಶ ಯಾರಿಗೆ ಸಿಕ್ಕಿತು? ತಡದ ಲಾಭ ಪಡೆದವನೇ ತಡವಾಯಿತೆಂದು ದೂರುವುದನ್ನು ನನಗಂತೂ ಒಪ್ಪಲಾಗುವುದಿಲ್ಲ.

ಇನ್ನು ಕ್ಷಮೆಯ ಮಾತು. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರ ಮೇಲೆ ಗುಂಡು ಹಾರಿಸಿದ ಅಲಿ ಅಗ್ಕಾನನ್ನು ಅವರು ನಾಲ್ಕೇ ದಿನಗಳಲ್ಲಿ ಕ್ಷಮಿಸಿದರು, 1983ರಲ್ಲಿ ಸೆರೆಮನೆಗೇ ಹೋಗಿ ಮಾತನಾಡಿಸಿದರು. ಆದರೂ ಆತ ಇಟಲಿಯ ಸೆರೆಯಿಂದ ಹೊರಬಂದದ್ದು 2000ದಲ್ಲಿ, ಆ ದೇಶದ ಅಧ್ಯಕ್ಷರು ಕ್ಷಮಾದಾನ ಕೊಟ್ಟ ಮೇಲೆ. ಹೊರಬಂದವನು ಹೋದದ್ದು ತುರ್ಕಿಯ ಜೈಲಿಗೆ, ಅದಕ್ಕೆ ಮೊದಲೇ ಮಾಡಿದ್ದ ಒಬ್ಬ ಪತ್ರಕರ್ತನ ಕೊಲೆಗಾಗಿ. ಜಗದ್ಗುರುಗಳು ತಮಗಾದ ಗಾಯವನ್ನು ಕ್ಷಮಿಸಬಲ್ಲವರಾಗಿದ್ದರು, ಆ ಪತ್ರಕರ್ತನ ಮನೆಯವರ ಪರವಾಗಿ ಕ್ಷಮಿಸುವುದು ಅವರ ಕೈಯಲ್ಲಿರಲಿಲ್ಲ. ಹಾಗಾದರೆ ಜಾಕ್ಸನ್ನಿನ ನೆರೆಹೊರೆಯವರು ಮರ್ಲಿಯ ಪರವಾಗಿ ಕ್ಷಮಿಸಲು ಯಾರು? ಪಾಪನಿವೇದನೆಯಲ್ಲಿ ಗುರುಗಳು ಕ್ಷಮೆ ನೀಡಿದರೂ ಕದ್ದ ಮಾಲನ್ನು ಹಿಂದಿರುಗಿಸಲೇಬೇಕು ಎಂಬುದು ನಮಗೆಲ್ಲ ಗೊತ್ತು. ಬೆಕ್‌ವಿತ್ ಅಂತೂ ಕೊನೆಯವರೆಗೂ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಲಿಲ್ಲ.

ಸಂತ ಲೂಕರ ಶುಭಸಂದೇಶದಲ್ಲಿ ನ್ಯಾಯಾಧೀಶನ ಬಾಗಿಲಿಗೆ ಅಲೆದು ಅಲೆದು ಅವನನ್ನು ದಣಿಸಿದ ವಿಧವೆಯ ಸಾಮತಿ ಇದೆ. ಅವಳು ಕ್ಷಮಿಸಲಾರದವಳು ಎಂದು ಯೇಸುಸ್ವಾಮಿ ಅವಳನ್ನು ದೂರಲಿಲ್ಲ. ಪ್ರಾರ್ಥಿಸುವವರಿಗೆ ಅವಳನ್ನೇ ಮಾದರಿಯಾಗಿ ತೋರಿಸಿದರು.

ಚಿತ್ರದ ಬಗ್ಗೆ ನನಗೊಂದು ಆಕ್ಷೇಪವಿದೆ. ಇಡೀ ಕಥೆಯನ್ನು ಬಿಳಿಯ ವಕೀಲನ ಹೆಗಲ ಮೇಲೆ ಹೊರಿಸಿ, ಹೂಪಿ ಗೋಲ್ಡ್‌ಬರ್ಗ್ ನಟಿಸಿದ ಮರ್ಲಿಯನ್ನು ಪಕ್ಕದಲ್ಲಿ ನಿಲ್ಲಿಸಿಬಿಟ್ಟಿದ್ದಾರೆ. ಆ ವಕೀಲರೂ ಸಂತರೇನಲ್ಲ: ನ್ಯಾಯಾಧೀಶರಾದ ಮೇಲೆ ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ 2009ರಲ್ಲಿ ಅವರಿಗೇ ಜೈಲು ಶಿಕ್ಷೆಯಾಯಿತು. ಹಾಗೆಂದು 1994ರ ತೀರ್ಪು ಸುಳ್ಳಾಗುವುದಿಲ್ಲ. ಬೆಕ್‌ವಿತ್ 2001ರ ಜನವರಿಯಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ಕೈದಿಯಾಗಿಯೇ ತೀರಿಕೊಂಡ.

ಮನೆಯಲ್ಲಿ ಬೆಳೆದ ಮಕ್ಕಳೊಂದಿಗೆ ಈ ಚಿತ್ರ ನೋಡುವುದಾದರೆ, ಮೊದಲು ಅವರಿಗೆ ಮೆಡ್ಗರ್ ಯಾರೆಂದು ಹೇಳಿ. ಚಿತ್ರದಲ್ಲಿ ಆತ ಕೆಲವೇ ನಿಮಿಷ ಕಾಣಿಸುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿ ಫ್ರಾನ್ಸಿನಲ್ಲಿ ಸೇವೆ ಮಾಡಿ ಬಂದವನು ಅವನು. 1946ರಲ್ಲಿ, ಇಪ್ಪತ್ತೊಂದು ತುಂಬಿದಾಗ, ಹುಟ್ಟೂರಾದ ಡಿಕೇಟರಿನಲ್ಲಿ ಅಣ್ಣನೊಂದಿಗೆ ಮತ ಹಾಕಲು ಹೋದ. ಬಿಳಿಯರ ಗುಂಪೊಂದು ಅವರನ್ನು ತಡೆದು ವಾಪಸು ಕಳಿಸಿತು.