ಬಿಚ್ಚದ ಕೊಡೆ

ಹೋದ ಮಳೆಗಾಲದ ಒಂದು ಸಂತೆಯ ದಿನ. ರಸ್ತೆಯಂಚಿನಲ್ಲಿ ಒಬ್ಬ ಅಜ್ಜ ಕೊಡೆ ಮಾರುತ್ತಾ ಕೂತಿದ್ದ. ಎದುರಿಗೆ ಹೊಸ ಕೊಡೆಗಳ ರಾಶಿ, ತಲೆಯ ಮೇಲೆ ಮಾತ್ರ ಒಂದು ಹಳೇ ಪ್ಲಾಸ್ಟಿಕ್ ಕವರ್. ಮೈಯೆಲ್ಲ ತೊಪ್ಪೆ. ರಜೆಯ ದಿನಗಳಲ್ಲಿ ಫೋಟೊ ಹುಚ್ಚು ಹಚ್ಚಿಕೊಂಡಿರುವ ನನಗೆ ಇಂಥ ದೃಶ್ಯ ದಿನಾ ಸಿಗುತ್ತದೆಯೇ? ಅಜ್ಜನಿಗೆ ಗೊತ್ತಾಗದಂತೆ ಮೊಬೈಲಿನಲ್ಲಿ ಕ್ಲಿಕ್ಕಿಸಿ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಮೂರು ವಾರದ ನಂತರ ಅದೇ ಚಿತ್ರ ಗೊತ್ತಿಲ್ಲದವರ ಮೂಲಕ ನನಗೇ ವಾಪಸು ಬಂತು. ಕೆಳಗೆ ಯಾರೋ ‘ಬುದ್ಧಿ ಇಲ್ಲದ ವ್ಯಾಪಾರಿ’ ಎಂದು ಬರೆದಿದ್ದರು. ಅದರ ಕೆಳಗೆ ನಗುವ ಮುಖಗಳ ಸಾಲು. ಮೊದಲು ನನಗಾದದ್ದು ಹೆಮ್ಮೆ ಎಂದು ಒಪ್ಪಿಕೊಳ್ಳಬೇಕು. ನನ್ನ ಚಿತ್ರ ಇಷ್ಟು ದೂರ ಹೋಯಿತಲ್ಲ ಎಂಬ ಹೆಮ್ಮೆ.

ಕೇಳದೆ ತೆಗೆದದ್ದು ತಪ್ಪೇ? ಕೇಳಿದ್ದರೆ ಅಜ್ಜ ಕವರ್ ತೆಗೆದು, ತಲೆ ಬಾಚಿಕೊಂಡು ನೆಟ್ಟಗೆ ಕೂರುತ್ತಿದ್ದ. ಅಲ್ಲಿಗೆ ಚಿತ್ರ ಸತ್ತಂತೆಯೇ. ಬೀದಿಯ ಚಿತ್ರಗಳ ಜೀವವೇ ಕೇಳದಿರುವುದರಲ್ಲಿದೆ ಎಂದು ನಾನು ನಂಬಿದ್ದೆ.

ಆಗೆಲ್ಲ ನನ್ನ ಬೆಂಬಲಕ್ಕೆ ಬರುತ್ತಿದ್ದದ್ದು ವಿವಿಯನ್ ಮೇಯರ್. ಹೆಚ್ಚಾಗಿ ಷಿಕಾಗೊದಲ್ಲಿ, ಸುಮಾರು 40 ವರ್ಷ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. ಬಿಡುವಿದ್ದಾಗ ಬೀದಿ ಸುತ್ತುತ್ತಾ ಅಪರಿಚಿತರ ಚಿತ್ರ ತೆಗೆಯುತ್ತಿದ್ದರು. ಅವರ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯಬೇಕಿರಲಿಲ್ಲ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಇಣುಕಿದರೆ ಸಾಕು. ಎದುರಿನವರಿಗೆ ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಹೀಗೆ ತೆಗೆದದ್ದು ಒಂದು ಲಕ್ಷಕ್ಕೂ ಹೆಚ್ಚು.

ಆದರೆ ಅವುಗಳನ್ನು ಅವರು ಲೋಕಕ್ಕೆ ತೋರಿಸಲಿಲ್ಲ. ಎಷ್ಟೋ ರೋಲುಗಳನ್ನು ತೊಳೆಸಿಯೂ ಇರಲಿಲ್ಲ. 2007ರಲ್ಲಿ, ಬಾಡಿಗೆ ಕಟ್ಟಲಾಗದೆ ಗೋದಾಮಿನಲ್ಲಿ ಉಳಿದಿದ್ದ ಅವರ ಪೆಟ್ಟಿಗೆಗಳು ಹರಾಜಾದವು. 2009ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಹರಾಜಿನಲ್ಲಿ ಪೆಟ್ಟಿಗೆ ಕೊಂಡಿದ್ದ ಜಾನ್ ಮಲೂಫ್ ಅದೇ ವರ್ಷ ಚಿತ್ರಗಳನ್ನು ಇಂಟರ್‌ನೆಟ್‌ಗೆ ಹಾಕಿದಾಗ ಜಗತ್ತು ಬೆರಗಾಯಿತು. ಜನರನ್ನು ಕೇಳದೆ ನೋಡಿದವರನ್ನು ಈಗ ನಾವೆಲ್ಲ ಕೇಳದೆ ನೋಡುತ್ತಿದ್ದೇವೆ.

ಅವರ ಕಥೆಯ ಅರ್ಧವನ್ನಷ್ಟೇ ನಾನು ಇಟ್ಟುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ. ಅವರು ಕೇಳದೆ ತೆಗೆದರು, ನಿಜ. ತೆಗೆದದ್ದನ್ನು ತಮ್ಮಲ್ಲೇ ಇಟ್ಟುಕೊಂಡರು. ಕಾರಣ ಏನೇ ಇರಲಿ, ಅವರ ಕಾಲದಲ್ಲಿ ಆ ಮುಖಗಳು ಯಾರ ನಗೆಗೂ ಈಡಾಗಲಿಲ್ಲ. ಗೂಗಲ್‌ನ ಸ್ಟ್ರೀಟ್ ವ್ಯೂ ಕೂಡ ಬೀದಿಯಲ್ಲಿ ಕಂಡವರನ್ನೆಲ್ಲ ಸೆರೆಹಿಡಿಯುತ್ತದೆ, ಆದರೆ 2008ರಿಂದ ಮುಖಗಳನ್ನು ಮಸುಕು ಮಾಡುತ್ತಿದೆ. ಒಂದು ಯಂತ್ರಕ್ಕಿರುವಷ್ಟು ಸಂಕೋಚವೂ ನನಗಿರಲಿಲ್ಲ.

ಮುಂದಿನ ಸಂತೆಗೆ ಹೋದೆ. ಅವತ್ತೂ ಹನಿ ಬೀಳುತ್ತಿತ್ತು, ಅಜ್ಜನ ತಲೆಯ ಮೇಲೆ ಅದೇ ಕವರ್.

“ಅಜ್ಜಾ, ಇಷ್ಟೊಂದು ಕೊಡೆ ಐತಲ್ಲ, ಒಂದು ಬಿಚ್ಕಂಡು ಕೂತ್ಕಬಾರದಾ?”

“ಬಿಚ್ಚಿ ನೆಂದಿದ್ದ ಕೊಡೇನ ಹೊಸದು ಅಂತ ಯಾರು ತಗೋತಾರೆ ಸ್ವಾಮಿ? ಅರ್ಧ ರೇಟಿಗೆ ಕೇಳ್ತಾರೆ.”

ನಾವು ನಕ್ಕಿದ್ದು ಅವನ ಪೆದ್ದುತನಕ್ಕಲ್ಲ, ಲೆಕ್ಕಾಚಾರಕ್ಕೆ. ಒಂದು ಕೊಡೆ ಉಳಿಸಲು ಅವನು ದಿನವೆಲ್ಲ ನೆನೆಯುತ್ತಿದ್ದ. ಚಿತ್ರದಲ್ಲಿ ಕವರ್ ಇತ್ತು, ಕೊಡೆ ಇತ್ತು, ಕಾರಣ ಇರಲಿಲ್ಲ. ಅದನ್ನು ಕೇಳಲು ಬೇಕಿದ್ದದ್ದು ಅರ್ಧ ನಿಮಿಷ. ಚಿತ್ರ ತೆಗೆದ ಮೇಲೂ ಕೇಳಬಹುದಿತ್ತು.

ಕಾರಣವನ್ನೂ ಸೇರಿಸಿ ಹಂಚಿದ್ದರೆ ಸರಿಯಾಗುತ್ತಿತ್ತೇ? ಜನ ನಗುವ ಬದಲು ಮರುಗುತ್ತಿದ್ದರು, ಅಷ್ಟೆ. ಆಗಲೂ ಅವನ ಮುಖ ಅವನನ್ನು ಬಿಟ್ಟು ಊರೂರು ಅಲೆಯುತ್ತಿತ್ತು. ನೋಡುವುದಕ್ಕೆ ಅಪ್ಪಣೆ ಬೇಡದಿರಬಹುದು. ತೋರಿಸುವುದಕ್ಕೆ ಬೇಕು.

ಫೋನು ತೆಗೆದು ಚಿತ್ರ ತೋರಿಸಿದೆ. ಅಜ್ಜ ಒದ್ದೆ ಕೈ ಒರೆಸಿಕೊಂಡು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. “ಚೆನ್ನಾಗಿ ಬಂದೈತೆ” ಅಂದ. ಆಮೇಲೆ ಕೇಳಿದ, “ಇದನ್ನ ಯಾರ್ಯಾರು ನೋಡವ್ರೆ?”

ನಾನು ಒಂದು ಕೊಡೆ ಕೊಂಡೆ. ಅವನ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.